ಗೋದಾಮಿನ ಕಾಲರಾ ವಾರ್ಡು

ಆ ಮನುಷ್ಯನನ್ನು ಜೀಪಿನ ಹಿಂದಿನ ಸೀಟಿನಿಂದ ಇಳಿಸಿದಾಗ ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಕಣ್ಣು ಗುಳಿ ಬಿದ್ದಿದ್ದವು. ಬೆರಳ ತುದಿಗಳು ದಿನವಿಡೀ ಬಟ್ಟೆ ಒಗೆದವರ ಕೈಯಂತೆ ಸುಕ್ಕುಗಟ್ಟಿದ್ದವು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. ಎಚ್ಚರವೇನೋ ಇತ್ತು, ದನಿ ಇರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಅವನ ಲುಂಗಿಯಿಂದ ಸುರಿಯುತ್ತಿದ್ದುದು ಅಕ್ಕಿ ತೊಳೆದ ನೀರಿನಂತಿತ್ತು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆನೇ ಹೊರತು ಕಣ್ಣಾರೆ ಕಂಡದ್ದು ಅದೇ ಮೊದಲು. ಆದರೂ ಅನುಮಾನ ಉಳಿಯಲಿಲ್ಲ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಪ್ರಾಥಮಿಕ ಆರೋಗ್ಯ ಕೇಂದ್ರ ಅದು. ಒಬ್ಬಳು ವೈದ್ಯೆ, ಅದು ನಾನು. ಒಬ್ಬರು ನರ್ಸ್, ಒಬ್ಬರು ಆರೋಗ್ಯ ನಿರೀಕ್ಷಕರು. ನರ್ಸ್ ಒಂದು ಕೈಗೆ, ನಾನು ಇನ್ನೊಂದು ಕೈಗೆ ದಪ್ಪ ಸೂಜಿ ಹಾಕಿದೆವು. ಎರಡೂ ಸಲೈನ್ ಬಾಟಲಿಗಳನ್ನು ಪೂರ್ತಿ ತೆರೆದುಬಿಟ್ಟೆವು. ಕಾಲರಾದಲ್ಲಿ ಹನಿ ಎಣಿಸುತ್ತ ಕೂರುವಂತಿಲ್ಲ, ಧಾರೆಯಾಗಿ ಹೋಗಬೇಕು. ನರ್ಸ್ ಬಾಟಲಿಯನ್ನು ಕೈಯಲ್ಲಿ ಹಿಂಡುತ್ತಲೇ ನಿಂತರು. ಮತ್ತೆರಡು ಬಾಟಲಿ ಬದಲಿಸುವಷ್ಟರಲ್ಲಿ ಮಣಿಕಟ್ಟಿನಲ್ಲಿ ನೂಲಿನಂಥ ಮಿಡಿತವೊಂದು ಬೆರಳಿಗೆ ತಾಗಿತು. ಆತ ತನ್ನ ಭಾಷೆಯಲ್ಲಿ ನೀರು ಕೇಳಿದ.

ಅವನನ್ನು ಕರೆತಂದವರು ಹತ್ತಿರದ ಕಾಫಿ ತೋಟವೊಂದರ ರೈಟರ್. ಆಳುಗಳ ಹಾಜರಿ, ತೋಟದ ಲೆಕ್ಕ ನೋಡಿಕೊಳ್ಳುವ ಮಧ್ಯವಯಸ್ಕರು. ಅವರನ್ನು ಹೊರಗೆ ಕರೆದು ಕೇಳಿದೆ.

"ರೈಟ್ರೇ, ಕೂಲಿ ಲೈನಲ್ಲಿ ಇನ್ನೂ ಎಷ್ಟು ಜನಕ್ಕೆ ಹೀಗಾಗಿದೆ?"

"ಹೆಚ್ಚೇನಿಲ್ಲ ಮೇಡಂ. ಒಂದ್ ನಾಲ್ಕೈದು ಜನಕ್ಕೆ ಹೊಟ್ಟೆ ಕೆಟ್ಟಿದೆ ಅಷ್ಟೆ."

"ಸರಿಯಾಗಿ ಹೇಳಿ. ಆಮೇಲೆ ಗೊತ್ತಾದ್ರೆ ಪ್ರಯೋಜನ ಇಲ್ಲ."

ಅವರು ರಸ್ತೆಯ ಕಡೆ ನೋಡಿದರು. "ನಿನ್ನೆ ಸಾಯಂಕಾಲ ಅವ್ರ ಪೈಕಿ ಒಬ್ಬ ಅಜ್ಜ ತೀರ್ಕೊಂಡ. ಹಾರ್ಟು ಅಂದ್ಕೊಂಡ್ವಿ. ಬೆಳಿಗ್ಗೆ ನೋಡಿದ್ರೆ ಪ್ರತಿ ಮನೆಲೂ ಒಬ್ರೋ ಇಬ್ರೋ ಮಲ್ಗಿದಾರೆ. ನಮ್ಮ ಓನರ್ ಗೌಡ್ರು ಪಿಕಪ್ ಗಾಡಿಗೆ ಹೇಳಿದಾರೆ ಮೇಡಂ. ಎಲ್ರನ್ನೂ ಇವತ್ತೇ ರೈಲು ಹತ್ತಿಸೋದು ಅಂತ."

ಬಾಟಲಿ, ಸೂಜಿ, ಉಪ್ಪು ಸಕ್ಕರೆಯ ಓಆರ್‌ಎಸ್ ಪೊಟ್ಟಣ, ಬ್ಲೀಚಿಂಗ್ ಪೌಡರ್, ಆರೋಗ್ಯ ಕೇಂದ್ರದಲ್ಲಿ ಏನೇನಿತ್ತೋ ಅಷ್ಟನ್ನೂ ಜೀಪಿಗೆ ತುಂಬಿಸಿದೆ. ಆ ರೋಗಿಯನ್ನೂ ಬಾಟಲಿಯ ಸಮೇತ ಹತ್ತಿಸಿಕೊಂಡೆವು, ಏಕೆಂದರೆ ನೋಡಿಕೊಳ್ಳಲು ಕೇಂದ್ರದಲ್ಲಿ ಯಾರೂ ಉಳಿಯುವಂತಿರಲಿಲ್ಲ.

ಅರೇಬಿಕಾ ಹಣ್ಣಿನ ಕೊನೆಯ ಸುತ್ತಿನ ಕೊಯ್ಲು ಆಗ. ಆ ತೋಟದಲ್ಲಿ ಕೊಯ್ಲಿಗೆ ಬಂದವರೆಲ್ಲ ಅಸ್ಸಾಮಿನವರು. ದಿನಗಟ್ಟಲೆ ರೈಲಿನಲ್ಲಿ ಕೂತು, ಗಂಡ ಹೆಂಡತಿ ಮಕ್ಕಳು ಸಮೇತ ಬಂದು ಲೈನಿನಲ್ಲಿ ತಂಗುತ್ತಾರೆ. ಲೈನು ಅಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಇರುವ ಕೋಣೆಗಳು. ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರ. ನಾವು ಹೋದಾಗ ಪಿಕಪ್ ಅಂಗಳದಲ್ಲಿ ನಿಂತಿತ್ತು, ಗಂಟುಮೂಟೆ ಅರ್ಧ ತುಂಬಿತ್ತು. ನಡೆಯಲಾಗದ ಒಬ್ಬನನ್ನು ಇಬ್ಬರು ತೋಳು ಹಿಡಿದು ಗಾಡಿಗೆ ಏರಿಸುತ್ತಿದ್ದರು. ಪಕ್ಕದಲ್ಲಿ ತೋಟದ ಮಾಲೀಕರು ಫೋನು ಕಿವಿಗಿಟ್ಟು ನಿಂತಿದ್ದರು. ಅರವತ್ತು ದಾಟಿದ, ಊರಿನಲ್ಲಿ ಮಾತಿಗೆ ಬೆಲೆಯಿದ್ದ ಮನುಷ್ಯ.

"ಗೌಡ್ರೇ, ಗಾಡಿ ಖಾಲಿ ಮಾಡಿಸಿ. ಇಲ್ಲಿಂದ ಯಾರೂ ಹೋಗೋ ಹಾಗಿಲ್ಲ," ಎಂದೆ.

"ಅಲ್ಲ ಡಾಕ್ಟ್ರೇ, ಕಾಯಿಲೆಯವ್ರನ್ನ ಅವ್ರ ಮನೆಗೆ ಕಳಿಸೋದು ತಪ್ಪಾ? ಇಲ್ಲಿಟ್ಕೊಂಡು ನಾನೇನ್ ಮಾಡ್ಲಿ? ಪಕ್ಕದ ತೋಟದವ್ರು ಆಗ್ಲೇ ಫೋನ್ ಮೇಲೆ ಫೋನ್ ಮಾಡ್ತಿದಾರೆ, ನಿಮ್ಮ ಆಳು ನಮ್ಮ ಕಡೆ ಬರೋದು ಬೇಡ ಅಂತ."

"ಇವ್ರು ಮನೆ ಮುಟ್ಟಲ್ಲ. ಹಾಸನ ದಾಟೋದ್ರೊಳಗೆ ಒಂದಿಬ್ರು ಸಾಯ್ತಾರೆ. ಉಳಿದವ್ರು ರೈಲಿನ ಬೋಗಿ ತುಂಬ ರೋಗ ಹಂಚ್ಕೊಂಡು ಹೋಗ್ತಾರೆ."

ಅವರು ಫೋನು ಕೆಳಗಿಳಿಸಿದರು.

ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತಿದ್ದ ನಮ್ಮ ಮೇಷ್ಟ್ರಿಗೆ ಹಾಯಿಹಡಗುಗಳ ಹುಚ್ಚು. ಇನ್ನೂರು ವರ್ಷಗಳ ಹಿಂದೆ ಕಬ್ಬಿನ ತೋಟಗಳಿಗೆಂದು ನಮ್ಮ ದೇಶದ ಕೂಲಿಗಳನ್ನು ತುಂಬಿಕೊಂಡು ದೂರದ ದ್ವೀಪಗಳಿಗೆ ಹೊರಡುತ್ತಿದ್ದ ಹಡಗುಗಳ ಕಥೆಯನ್ನು ಪಾಠದ ನಡುವೆ ಹೇಳುತ್ತಿದ್ದರು. ಕೆಳ ಅಂತಸ್ತಿನಲ್ಲಿ ಒತ್ತೊತ್ತಾಗಿ ಮಲಗಿದ ಜನ, ಪೀಪಾಯಿಯಲ್ಲಿ ಹಳಸಿದ ನೀರು, ನಡುಗಡಲಲ್ಲಿ ಕಾಲರಾ. ದಡವಿಲ್ಲ, ಆಸ್ಪತ್ರೆಯಿಲ್ಲ. ಹಡಗಿನ ವೈದ್ಯ ತನ್ನ ಕೈಲಿದ್ದಷ್ಟರಲ್ಲೇ ಕಾಯಿಲೆಯವರನ್ನು ಬೇರೆ ಮಾಡಿ, ಕುಡಿಯುವ ನೀರು ಕೆಡದಂತೆ ನೋಡಿಕೊಂಡು, ನೆಲ ತೊಳೆಸಿದರೆ ಒಂದಷ್ಟು ಜನ ಉಳಿಯುತ್ತಿದ್ದರು. ಇಲ್ಲವಾದರೆ ಹೆಣಗಳನ್ನು ಸಮುದ್ರಕ್ಕೆ ಬಿಡುತ್ತ ಹೋಗಬೇಕಾಗುತ್ತಿತ್ತು. ಆಗ ನಾವು ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿದ್ದೆವು. ಆ ಅಂಗಳದಲ್ಲಿ ನಿಂತಾಗ ನನಗನ್ನಿಸಿದ್ದು ಇಷ್ಟೇ: ಆ ವೈದ್ಯನ ಬಳಿ ಇಲ್ಲದಿದ್ದ ಎರಡು ವಸ್ತು ನನ್ನ ಬಳಿ ಇವೆ, ಬಾಟಲಿ ಮತ್ತು ಓಆರ್‌ಎಸ್. ನಾನು ಇಲ್ಲೇ ನಿಲ್ಲಬಹುದು.

ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಫೋನು ಮಾಡಿದೆ. ಎಲ್ಲರನ್ನೂ ಮೂಡಿಗೆರೆಗೆ ಸಾಗಿಸಿ ಎಂದರು. ತೋಟದ ಕಚ್ಚಾ ರಸ್ತೆಯಲ್ಲಿ ಜೀಪು ಕುಲುಕುತ್ತ ಹೋಗುವಷ್ಟರಲ್ಲಿ ನಾಡಿ ಇಲ್ಲದವರು ಕೈಬಿಟ್ಟು ಹೋಗುತ್ತಾರೆ ಎಂದೆ. ಆಸ್ಪತ್ರೆಯ ಹಾಸಿಗೆಗಳು ಹೇಗೂ ಸಾಲುವುದಿಲ್ಲ, ಬಾಟಲಿಗಳನ್ನು ಇಲ್ಲಿಗೇ ಕಳಿಸಿ ಎಂದೆ. ಅವರು, "ಜವಾಬ್ದಾರಿ ನಿಮ್ದು. ನಾನು ಸಾಮಾನು ಕಳಿಸ್ತೀನಿ, ಸಂಜೆ ಆಗುತ್ತೆ," ಎಂದರು. ಅಷ್ಟು ಸಾಕಿತ್ತು.

"ಗೌಡ್ರೇ, ನಿಮ್ಮ ಗೋದಾಮು ಬೇಕು."

"ಗೋದಾಮಲ್ಲಿ ಪಾರ್ಚ್‌ಮೆಂಟ್ ಇದ್ಯಲ್ಲ ಮಾರಾಯ್ರೇ!"

ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜ ಅದು, ಅವರ ವರ್ಷದ ಫಸಲು. "ಹೊರಗೆ ಕಣದಲ್ಲಿಡಿ. ಮಳೆಗಾಲ ಅಲ್ವಲ್ಲ," ಎಂದೆ.

ಅವರು ಜೇಬಿನಿಂದ ಬೀಗದ ಕೈ ತೆಗೆದರು. ಆಮೇಲೆ ರೈಟರ್ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದ್ದೀ? ಬೀಗ ತೆಗಿ," ಎಂದು ಗದರಿದರು. ಮೊದಲ ಮೂಟೆಗೆ ಅವರೇ ಒಂದು ಕೈ ಹಾಕಿದರು.

ಸಿಮೆಂಟು ನೆಲ, ಎತ್ತರದ ಮಾಡು, ಎರಡು ಕಡೆ ಬಾಗಿಲು. ತೊಳೆಯಲು ಸುಲಭ. ಇದಕ್ಕಿಂತ ಒಳ್ಳೆಯ ವಾರ್ಡು ನನಗೆ ಬೇಕಿರಲಿಲ್ಲ. ಪ್ಲಾಸ್ಟಿಕ್ ಪಟ್ಟಿ ಹೆಣೆದ ಕಬ್ಬಿಣದ ಮಂಚಗಳನ್ನು ಲೈನಿನಿಂದಲೂ ಮಾಲೀಕರ ಮನೆಯಿಂದಲೂ ತರಿಸಿ, ನಡುವಿನ ಪಟ್ಟಿಗಳನ್ನು ಕತ್ತರಿಸಿ, ಕೆಳಗೆ ಬಕೆಟ್ ಇಡಿಸಿದೆ. ಕಾಲರಾದವರು ಎದ್ದು ಹೋಗಲಾರರು, ಎಬ್ಬಿಸಲೂಬಾರದು. ಜೊತೆಗೆ ದೇಹದಿಂದ ಎಷ್ಟು ಹೋಯಿತೆಂದು ಬಕೆಟ್ ನೋಡಿದರೆ ತಿಳಿಯುತ್ತದೆ, ಅಷ್ಟನ್ನು ಒಳಗೆ ಹಾಕಬೇಕು. ಚಿಕಿತ್ಸೆಯ ಮುಕ್ಕಾಲು ಪಾಲು ಇಷ್ಟೇ. ಪ್ರತಿ ಬಕೆಟ್‌ಗೂ ಬ್ಲೀಚಿಂಗ್ ಪೌಡರ್, ಬಾಗಿಲಲ್ಲಿ ಕೈ ತೊಳೆಯಲು ಒಂದು ಡ್ರಮ್, ಬಕೆಟ್ ಸುರಿಯಲು ದೂರದಲ್ಲಿ ಆಳದ ಗುಂಡಿ. ಆರೋಗ್ಯ ನಿರೀಕ್ಷಕರು ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕಲು ಹೋದರು. ಔಷಧಿ ಕೊಡುವ ಮೊದಲೇ ಕೆಲವರ ಮಲದ ಮಾದರಿ ತೆಗೆದು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿದೆ. ಫಲಿತಾಂಶಕ್ಕೆ ಕಾಯುತ್ತ ಕೂರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಚಗಳೆಲ್ಲ ತುಂಬಿದವು, ಬಾಟಲಿಗಳು ಬೇಗಬೇಗ ಖಾಲಿಯಾಗತೊಡಗಿದವು. ಹೀಗೇ ಹೋದರೆ ಸಂಜೆ ಸಾಮಾನು ಬರುವ ಮೊದಲೇ ಕೈ ಬರಿದಾಗುತ್ತದೆ ಎಂದು ನರ್ಸ್ ಪಿಸುಗುಟ್ಟಿದರು. ಆಗ ನಿಯಮ ಮಾಡಿದೆ. ನಾಡಿ ಸಿಗದವರಿಗೆ, ಮಂಪರಿನಲ್ಲಿರುವವರಿಗೆ ಮಾತ್ರ ಬಾಟಲಿ. ನುಂಗಲು ಬರುವವರೆಲ್ಲ ಕುಡಿಯಬೇಕು.

ಅದು ಅಲ್ಲಿ ಯಾರಿಗೂ ಹಿಡಿಸಲಿಲ್ಲ. ಆ ಗುಂಪಿನಲ್ಲಿ ಕನ್ನಡ ಬಲ್ಲವಳು ಒಬ್ಬಳೇ, ಹಲವು ವರ್ಷಗಳಿಂದ ಕೊಯ್ಲಿಗೆ ಬರುತ್ತಿದ್ದ ಮೂವತ್ತೈದರ ಆಸುಪಾಸಿನ ಹೆಂಗಸು. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನೆದುರು ನಿಂತಳು.

"ಮೇಡಂ, ನೀರು ಕುಡಿದೇ ಇದು ಬಂತು ಅಂತ ನೀವೇ ಹೇಳಿದ್ರಿ. ಈಗ ನೀರೇ ಕುಡೀರಿ ಅಂತೀರಿ. ನೀರು ಬೇಡ. ಬಾಟಲಿ ಹಾಕಿ. ಬಾಟಲಿ ಹಾಕಿದವನು ಎದ್ದು ಕೂತಿದಾನೆ."

ಮಾತು ನ್ಯಾಯವಾಗಿತ್ತು. ಬಾಟಲಿಯಲ್ಲಿರುವುದೂ ಉಪ್ಪುನೀರೇ ಎಂದರೆ ಅವಳು ನಂಬುವ ಹಾಗಿರಲಿಲ್ಲ. ವಾದ ಬಿಟ್ಟು ಅವಳ ಕೈ ಹಿಡಿದುಕೊಂಡು ಒಬ್ಬ ಯುವಕನ ಮಂಚಕ್ಕೆ ಕರೆದೊಯ್ದೆ. ಅವಳ ಮೂರು ಬೆರಳುಗಳನ್ನು ಅವನ ಮಣಿಕಟ್ಟಿನ ಮೇಲಿಟ್ಟೆ.

"ಸಿಗುತ್ತಾ?"

"ಸ್ವಲ್ಪ. ತುಂಬಾ ಸಣ್ಣ."

"ಇವನಿಗೆ ಬಾಟಲಿ ಇಲ್ಲ. ಕುದಿಸಿ ಆರಿಸಿದ ನೀರಲ್ಲಿ ಈ ಪೊಟ್ಟಣ ಕಲಸಿ ಕುಡಿಸು. ವಾಂತಿ ಮಾಡಿದ್ರೆ ಸ್ವಲ್ಪ ಬಿಟ್ಟು ಮತ್ತೆ ಚಮಚದಲ್ಲಿ ಕುಡಿಸು. ಬಕೆಟ್‌ನಲ್ಲಿ ಎಷ್ಟು ಹೋಗಿದ್ಯೋ ಅಷ್ಟು ಹೊಟ್ಟೆಗೆ ಹೋಗ್ಬೇಕು. ಆಗಾಗ ನಾಡಿ ನೋಡ್ತಿರು. ಸಣ್ಣದಾದ್ರೆ ನನ್ನ ಕರಿ, ನಾನೇ ಬಾಟಲಿ ಹಾಕ್ತೀನಿ."

ಅವಳು ನಂಬಿಕೆಯಿಂದಲ್ಲ, ನನ್ನನ್ನು ಪರೀಕ್ಷಿಸುವ ಹಟದಿಂದ ಕೂತಳು. ಬಿಸಿಲು ಹಿಂದಿನ ಬಾಗಿಲಿಗೆ ಬರುವಷ್ಟರಲ್ಲಿ ಅವಳೇ ಬಂದು, "ದೊಡ್ಡದಾಯ್ತು ಮೇಡಂ, ಅವನ ನಾಡಿ," ಎಂದಳು. ಅಷ್ಟೇ. ಅಲ್ಲಿಂದ ಮುಂದೆ ಅವಳು ಮಂಚದಿಂದ ಮಂಚಕ್ಕೆ ಹೋಗಿ ಮಣಿಕಟ್ಟು ಹಿಡಿದು, ಕುಡಿಯದವರನ್ನು ತನ್ನ ಭಾಷೆಯಲ್ಲಿ ಬೈಯುತ್ತಿದ್ದಳು. ಆ ಬೈಗುಳ ಒಂದೂ ಅರ್ಥವಾಗದಿದ್ದರೂ ನನಗೆ ಎಷ್ಟು ಸಮಾಧಾನವಾಗುತ್ತಿತ್ತೆಂದರೆ ಹೇಳತೀರದು.

ಅವಳ ತಂಗಿಯೊಬ್ಬಳು ಲೈನಿನಲ್ಲೇ ಉಳಿದಿದ್ದಾಳೆಂಬುದು ನನಗೆ ಗೊತ್ತಿರಲಿಲ್ಲ. ಏಳು ತಿಂಗಳ ಬಸುರಿ. ಗೋದಾಮಿಗೆ ಹೋದರೆ ಮಗುವನ್ನು ತೆಗೆದುಬಿಡುತ್ತಾರೆಂದು ಯಾರೋ ಹೆದರಿಸಿದ್ದರಂತೆ. ಭೇದಿ ಶುರುವಾದರೂ ಯಾರಿಗೂ ಹೇಳದೆ ಕೋಣೆಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿಬಿಟ್ಟಿದ್ದಳು. ಅಕ್ಕನಿಗೆ ತಿಳಿದು, ಗಂಡ ಎತ್ತಿಕೊಂಡು ಬರುವಷ್ಟರಲ್ಲಿ ನಾಡಿ ಇರಲಿಲ್ಲ. ಉಸಿರು ವೇಗವಾಗಿತ್ತು. ಎರಡು ತೋಳು, ಎರಡು ಕಾಲು, ಎಲ್ಲಿ ಹುಡುಕಿದರೂ ನರ ಸಿಗಲಿಲ್ಲ. ಒಣಗಿ ಅಂಟಿಕೊಂಡಿದ್ದವು. ನಾನು ಚುಚ್ಚಿದ ಪ್ರತಿಸಲವೂ ಅಕ್ಕ ಮುಖ ತಿರುಗಿಸುತ್ತಿದ್ದಳು. ನರ್ಸ್ ಕೂಡ ಪ್ರಯತ್ನಿಸಿ ಸೋತರು.

ಇನ್ನೊಂದು ಸಲ ಚುಚ್ಚುವ ಆಸೆಯನ್ನು ಅಲ್ಲಿಗೇ ಬಿಟ್ಟೆ. ಅವಳನ್ನು ಎಡ ಮಗ್ಗುಲಿಗೆ ಒರಗಿಸಿ, ತಲೆ ಎತ್ತರಿಸಿ, ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿಕೆ ಇಳಿಸಿದೆ. ಅದು ಸರಿಯಾದ ಜಾಗಕ್ಕೆ ಹೋಗಿದೆಯೆಂದು ಖಚಿತಪಡಿಸಿಕೊಂಡು ಓಆರ್‌ಎಸ್ ಅನ್ನು ನಿಧಾನವಾಗಿ ಬಿಡುತ್ತ ಹೋದೆ. ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗುವ ಭಯ. ಅದಕ್ಕೇ ಅವಳ ಗಂಡನಿಗೆ ತಲೆ ಹಿಡಿದು ಕೂರಲು ಹೇಳಿದೆ. ನರ್ಸ್ ಉಳಿದಿದ್ದ ಕೊನೆಯ ಎರಡು ಬಾಟಲಿಗಳನ್ನು ಯಾರಿಗೂ ಕೊಡದೆ ಈ ಮಂಚದ ಕೆಳಗೆ ಇಟ್ಟುಕೊಂಡರು. ಹೀಗೆ ಒಂದು ತಾಸು ಕಳೆದಿರಬಹುದು. ಮುಂಗೈಯಲ್ಲಿ ನೀಲಿ ಗೆರೆಯೊಂದು ಮಸುಕಾಗಿ ಎದ್ದಿತು. ಈ ಸಲ ಸೂಜಿ ನೇರವಾಗಿ ಒಳಗೆ ಹೋಯಿತು. ಆ ಎರಡು ಬಾಟಲಿಗಳು ಮುಗಿಯುವ ಮುನ್ನ ಮೂಡಿಗೆರೆಯ ಗಾಡಿಯ ಹಾರ್ನು ಕೇಳಿಸಿತು.

ಬೆಳಗಿನ ಜಾವ ಅವಳ ಗಂಡ ಏಕಾಏಕಿ ಏನೋ ಕೂಗಿದ. ನಾನು ಕುರ್ಚಿಯಿಂದ ಹಾರಿಬಿದ್ದೆ. ದೀದಿ ನಗುತ್ತ ಓಡಿಬಂದಳು. "ಉಚ್ಚೆ ಹೊಯ್ದಳು ಮೇಡಂ! ಉಚ್ಚೆ!"

ಆ ಮಾತಿಗೆ ನಾನು ಅಷ್ಟು ಸಂತೋಷಪಟ್ಟದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಮೂತ್ರ ಬಂತೆಂದರೆ ಮೂತ್ರಪಿಂಡ ಉಳಿಯಿತು, ಜೀವ ಉಳಿಯಿತು. ಮಗುವಿನ ಎದೆಬಡಿತ ಹಿಂದಿನ ದಿನ ನಮಗೆ ಕೇಳಿಸಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಈಗ ಡಾಪ್ಲರ್ ಯಂತ್ರ ಇಟ್ಟು ಹುಡುಕಿದೆ. ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ. ಸಿಕ್ಕಿತು. ಟಕಟಕಟಕ ಎಂಬ ಆ ಸದ್ದಿಗೆ ಅಕ್ಕಪಕ್ಕದ ಮಂಚದವರೂ ಕತ್ತೆತ್ತಿ ನೋಡಿದರು.

ಇನ್ನು ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಬೆಳಿಗ್ಗೆ ಇನ್ನಷ್ಟು ಹೊಸಬರು ಬಂದರು, ಮರುದಿನವೂ ಬಂದರು. ಕೆಲವರು ಮೊದಲೇ ಸೋಂಕು ತಗುಲಿದವರಿರಬಹುದು. ಆದರೆ ಅಷ್ಟು ಜನ? ಆರೋಗ್ಯ ನಿರೀಕ್ಷಕರು ಟ್ಯಾಂಕಿನ ನೀರನ್ನು ಪರೀಕ್ಷಿಸಿದರು, ಕ್ಲೋರಿನ್ನಿನ ಹಳದಿ ಬಣ್ಣ ಸ್ಪಷ್ಟವಾಗಿ ಬಂತು. ಲೈನಿನ ನಲ್ಲಿಯಲ್ಲಿ ಹಿಡಿದ ನೀರಿಗೆ ಬಣ್ಣವೇ ಬರಲಿಲ್ಲ. ಟ್ಯಾಂಕಿಗೂ ನಲ್ಲಿಗೂ ನಡುವೆ ಕ್ಲೋರಿನ್ ಎಲ್ಲೋ ಕರಗಿಹೋಗುತ್ತಿತ್ತು.

ನಾವಿಬ್ಬರೂ ಟ್ಯಾಂಕಿನಿಂದ ಲೈನಿಗೆ ಇಳಿಯುವ ಕರಿ ಪೈಪಿನ ಜಾಡು ಹಿಡಿದು ಗುಡ್ಡ ಹತ್ತಿದೆವು. ಕಾಫಿ ಗಿಡಗಳ ನಡುವೆ, ಸಿಲ್ವರ್ ಮರಗಳ ಬುಡದಲ್ಲಿ ಅದು ಸುತ್ತುತ್ತ ಸಾಗಿತ್ತು. ಅರ್ಧ ದಾರಿಯ ತಗ್ಗಿನಲ್ಲಿ ಮುರಿದ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದರು. ಸುತ್ತ ಕೆಸರು. ಮೇಲಿನ ದಿಬ್ಬಕ್ಕೆ ಜನ ಬಯಲಿಗೆ ಹೋಗುತ್ತಿದ್ದರು. ವಾಸನೆಯೇ ಹೇಳುತ್ತಿತ್ತು.

"ಲೈನಲ್ಲಿ ಕಕ್ಕಸು ಇದ್ಯಲ್ಲ, ಇಲ್ಲಿಗ್ಯಾಕೆ ಬರ್ತಾರೆ?" ಎಂದೆ.

"ಕಕ್ಕಸಿಗೆ ನೀರೆಲ್ಲಿದೆ ಮೇಡಂ?" ನಿರೀಕ್ಷಕರು ಕೆಳಗೆ ಕೈ ತೋರಿಸಿದರು. "ಎಲ್ಲಾ ಪಲ್ಪರ್‌ಗೆ ಹೋಗ್ತಿದೆ."

ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಅದು, ಅದಕ್ಕೂ ಬೀಜ ತೊಳೆಯುವುದಕ್ಕೂ ನೀರು ವಿಪರೀತ ಬೇಕು. ಕೊಯ್ಲು ಜೋರಾಗಿದ್ದಾಗ ಟ್ಯಾಂಕಿನ ನೀರನ್ನು ದಿನವಿಡೀ ಅದಕ್ಕೆ ತಿರುಗಿಸುತ್ತಿದ್ದರು. ಲೈನಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ನೀರು ನಿಂತಾಗ ಖಾಲಿಯಾಗುವ ಪೈಪು ಆ ಟ್ಯೂಬಿನ ಸಂದಿಯಿಂದ ಕೆಸರು ನೀರನ್ನು ಒಳಗೆಳೆದುಕೊಳ್ಳುತ್ತದೆ, ಬೆಳಿಗ್ಗೆ ಅದೇ ಮೊದಲು ನಲ್ಲಿಗೆ ಬರುತ್ತದೆ. ನಾನು ಗೋದಾಮಿನಲ್ಲಿ ಬಾಟಲಿ ಏರಿಸುತ್ತಿದ್ದಾಗಲೂ ಇಲ್ಲಿ ರೋಗ ತಯಾರಾಗುತ್ತಲೇ ಇತ್ತು.

ಮಾಲೀಕರು ಪಲ್ಪರ್ ಮನೆಯ ಮುಂದೆಯೇ ಸಿಕ್ಕರು. ಕೆಂಪು ಹಣ್ಣಿನ ರಾಶಿ ಬಿದ್ದಿತ್ತು. ಕಾಯಿಲೆಯಿಲ್ಲದವರು ಆ ದಿನವೂ ಕೊಯ್ದಿದ್ದರು. ಕಂಡದ್ದನ್ನು ಹೇಳಿದೆ. ಪೈಪು ಬದಲಿಸಬೇಕು, ಅಲ್ಲಿಯವರೆಗೆ ಕುದಿಸಿದ ನೀರು ಮಾತ್ರ. ಆಮೇಲೆ ಲೈನಿಗೆ ಹಗಲೂ ರಾತ್ರಿ ನೀರು ನಿಲ್ಲಬಾರದು.

"ಪೈಪ್ ಇವತ್ತೇ ತರಿಸ್ತೀನಿ. ಆದ್ರೆ ಎರಡಕ್ಕೂ ಸಾಕಾಗೋಷ್ಟು ನೀರು ಹಳ್ಳದಲ್ಲಿಲ್ಲ ಡಾಕ್ಟ್ರೇ."

"ಹಾಗಾದ್ರೆ ಪಲ್ಪರ್ ನಿಲ್ಸಿ."

"ಇವತ್ತು ಕೊಯ್ದ ಹಣ್ಣು ಇವತ್ತೇ ಪಲ್ಪ್ ಆಗ್ಬೇಕು. ಇಲ್ಲಾಂದ್ರೆ ಹುಳಿ ಬರುತ್ತೆ. ಹಣ್ಣನ್ನ ಹಾಗೇ ಒಣಗಿಸಿ ಚೆರ್ರಿ ಮಾಡಿದ್ರೆ ಪಾರ್ಚ್‌ಮೆಂಟಿನ ಬೆಲೆ ಬರಲ್ಲ. ನಮ್ಮ ತೋಟದ್ದು ಪಾರ್ಚ್‌ಮೆಂಟ್ ಅಂದ್ರೆ ಕಾಫಿ ಕೊಳ್ಳೋ ಕ್ಯೂರಿಂಗ್ ಕಾರ್ಖಾನೆಯವ್ರು ಕಣ್ಮುಚ್ಚಿ ತಗೋತಾರೆ. ನಮ್ಮಪ್ಪನ ಕಾಲದಿಂದ ಬಂದ ಹೆಸ್ರು ಅದು."

ನನಗೆ ಕಾಫಿ ಗೊತ್ತಿಲ್ಲ. ವಾದಿಸಲಿಲ್ಲ. "ಗೌಡ್ರೇ, ಗೋದಾಮಲ್ಲಿ ಇದುವರೆಗೆ ಒಬ್ರೂ ಸತ್ತಿಲ್ಲ. ನಾಳೆ ನಾಡಿದ್ದು ಏನಾಗುತ್ತೆ ಅನ್ನೋದು ಈ ನೀರಿನ ಮೇಲಿದೆ. ನನ್ನ ಕೈಲಿರೋದನ್ನ ನಾನು ಮಾಡ್ತೀನಿ. ಇದು ನಿಮ್ಮ ಕೈಲಿದೆ," ಎಂದಷ್ಟೇ ಹೇಳಿ ವಾಪಸು ಬಂದೆ.

ಗೋದಾಮಿನ ಮೆಟ್ಟಿಲು ಹತ್ತುವಾಗ ಪಲ್ಪರ್‌ನ ಗಡಗಡ ಸದ್ದು ನಿಂತಿತು. ಹೊರಳಿ ನೋಡಿದೆ. ಮಾಲೀಕರು ಕಣಕ್ಕಿಳಿದು, ಹಣ್ಣನ್ನು ತೆಳ್ಳಗೆ ಹರಡಲು ರೈಟರ್‌ಗೆ ಕೈಮಾಡಿ ತೋರಿಸುತ್ತಿದ್ದರು. ಅವತ್ತಿನಿಂದ ಅವರ ಮನೆಯ ಒಲೆಯಲ್ಲೇ ದೊಡ್ಡ ಹಂಡೆಗಳಲ್ಲಿ ನೀರು ಕುದಿದು ಲೈನಿಗೆ ಬರತೊಡಗಿತು. ಜೊತೆಗೆ ಗಂಜಿಯೂ ಬಂತು. ಹೊಸ ಪೈಪು ದಿಬ್ಬವನ್ನು ಬಿಟ್ಟು ಬೇರೆ ದಾರಿಯಲ್ಲಿ ಇಳಿಯಿತು. ಜಿಲ್ಲಾ ಪ್ರಯೋಗಾಲಯದಿಂದ ಕಾಲರಾ ಎಂದು ಖಚಿತವಾಗಿ ಬರುವ ಹೊತ್ತಿಗೆ ಹೊಸ ರೋಗಿಗಳು ಬರುವುದೇ ನಿಂತಿತ್ತು. ಮಂಚಗಳು ಒಂದೊಂದಾಗಿ ಖಾಲಿಯಾದವು. ಆ ಅಜ್ಜನ ನಂತರ ನಾವು ಯಾರನ್ನೂ ಕಳೆದುಕೊಳ್ಳಲಿಲ್ಲ.

ಹೊಸ ಪೈಪಿನಲ್ಲಿ ನೀರು ಬಿಟ್ಟ ದಿನ ಲೈನಿನ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನಿರೀಕ್ಷಕರು ನಲ್ಲಿ ನೀರು ಪರೀಕ್ಷಿಸಿ, ಹಳದಿ ಬಣ್ಣ ಬಂದ ಸಣ್ಣ ಕೊಳವೆಯನ್ನು ಎತ್ತಿ ತೋರಿಸಿದರು. ಕುಡಿಯಬಹುದು ಎಂದೆ. ಯಾರೂ ಮುಂದೆ ಬರಲಿಲ್ಲ. ಕೊಡಪಾನ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೀದಿ ಒಂದು ಸ್ಟೀಲ್ ಲೋಟಕ್ಕೆ ನೀರು ಹಿಡಿದಳು. ನನಗೆ ಕೊಡುತ್ತಾಳೆಂದುಕೊಂಡು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಮಾಲೀಕರೆದುರು ನಿಂತಳು.

"ಸಾಹೇಬ್ರೇ, ಮೊದಲು ನೀವು ಕುಡೀರಿ."

ರೈಟರ್ ಗಾಬರಿಯಿಂದ, "ಏ, ಏನದು, ಗೌಡ್ರಿಗೆ..." ಎಂದು ಮುಂದೆ ಬಂದರು. ಮಾಲೀಕರು ಕೈಯೆತ್ತಿ ಅವರನ್ನು ತಡೆದರು. ಆ ತೋಟದಲ್ಲಿ ಹುಟ್ಟಿ ಬೆಳೆದ ಮನುಷ್ಯ. ಲೈನಿನ ನಲ್ಲಿ ನೀರನ್ನು ಅದುವರೆಗೆ ಒಮ್ಮೆಯಾದರೂ ಕುಡಿದಿದ್ದರೋ ಇಲ್ಲವೋ ನಾನರಿಯೆ. ಲೋಟ ತೆಗೆದುಕೊಂಡು ನಿಂತಲ್ಲೇ ಕಡೆಯ ಹನಿಯವರೆಗೂ ಕುಡಿದು ಮುಖ ಕಿವುಚಿದರು.

"ಥೂ, ಏನ್ ಔಷಧಿ ವಾಸ್ನೆ ಮಾರಾಯ್ತಿ ಇದು!"

ದೀದಿ ಅದನ್ನು ತನ್ನ ಭಾಷೆಯಲ್ಲಿ ಜೋರಾಗಿ ಎಲ್ಲರಿಗೂ ಹೇಳಿದಳು. ಅಂಗಳದಲ್ಲಿ ನಗು ಎದ್ದಿತು. ಹೆಂಗಸರು ಕೊಡಪಾನಗಳೊಂದಿಗೆ ನಲ್ಲಿಯ ಕಡೆ ಸರಿದರು.